ವಿದ್ಯುದಾಕರ್ಷಣದ ನಿಯಮ: ಕಂಡವರು ಮತ್ತು ಸಾರಿದವರು

ವಿದ್ಯುಚ್ಛಾಸ್ತ್ರದ ಪಠ್ಯಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಮೊದಲ ಪುಟಗಳಲ್ಲಿಯೇ ಎದುರಾಗುವ ಹೆಸರು ಕೂಲಂಬನದು. ಎರಡು ವಿದ್ಯುದಾವೇಶಗಳ ನಡುವಣ ಬಲವು ಆ ಆವೇಶಗಳ ಗುಣಲಬ್ಧಕ್ಕೆ ಅನುಪಾತವಾಗಿಯೂ, ಅವುಗಳ ಅಂತರದ ವರ್ಗಕ್ಕೆ ವಿಲೋಮಾನುಪಾತವಾಗಿಯೂ ಇರುವುದೆಂಬುದು ಆತನ ಹೆಸರಿನ ನಿಯಮ. ಅಂತರವು ಇಮ್ಮಡಿಯಾದರೆ ಬಲವು ಕಾಲು ಪಾಲಿಗೆ ಇಳಿಯುತ್ತದೆ. ಮುಮ್ಮಡಿಯಾದರೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಈ ನಿಯಮವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಕೂಲಂಬನು ಮಂಡಿಸಿದುದು ೧೭೮೫ರಲ್ಲಿ. ಆದರೆ ಅದಕ್ಕೆ ಹದಿನೆಂಟು ವರ್ಷ ಮೊದಲೇ ಇಂಗ್ಲೆಂಡಿನ ಪಾದ್ರಿಯೊಬ್ಬನು ಇದೇ ನಿಯಮವನ್ನು ಊಹಿಸಿ ಅಚ್ಚುಮಾಡಿದ್ದನು; ಹನ್ನೆರಡು ವರ್ಷ ಮೊದಲು ಲಂಡನ್ನಿನ ಶ್ರೀಮಂತನೊಬ್ಬನು ಪ್ರಯೋಗದಿಂದ ಅದನ್ನು ಸಾಧಿಸಿ, ಆ ಕಾಗದಗಳನ್ನು ತನ್ನಲ್ಲಿಯೇ ಇರಿಸಿಕೊಂಡಿದ್ದನು. ಒಂದು ಸತ್ಯವು ಯಾರಿಗೆ ಸೇರಬೇಕು, ಮೊದಲು ಕಂಡವನಿಗೋ ಮೊದಲು ಸಾರಿದವನಿಗೋ ಎಂಬ ವ್ಯಾಜ್ಯಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಉಜ್ಜಿದ ತೃಣಮಣಿಯು ಹುಲ್ಲುಕಡ್ಡಿಯನ್ನು ಎಳೆದುಕೊಳ್ಳುವುದು ಪ್ರಾಚೀನರಿಗೆ ತಿಳಿದಿದ್ದ ಸಂಗತಿ. ಸಂಸ್ಕೃತದ ಹೆಸರೇ ಅದನ್ನು ಹೇಳುತ್ತದೆ; ಗ್ರೀಕರು ಅದೇ ವಸ್ತುವನ್ನು ಎಲೆಕ್ಟ್ರಾನ್ ಎಂದು ಕರೆದರು. ಎಲಿಜಬೆತ್ ರಾಣಿಯ ವೈದ್ಯನಾಗಿದ್ದ ವಿಲಿಯಂ ಗಿಲ್ಬರ್ಟನು ೧೬೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಯಸ್ಕಾಂತದ ಎಳೆತವೂ ತೃಣಮಣಿಯ ಎಳೆತವೂ ಬೇರೆ ಬೇರೆ ಎಂದು ವಿಂಗಡಿಸಿ, ಗಾಜು, ಗಂಧಕ, ಅರಗು ಮೊದಲಾದ ಎಷ್ಟೋ ವಸ್ತುಗಳು ಉಜ್ಜಿದಾಗ ಹಾಗೆಯೇ ವರ್ತಿಸುವುದನ್ನು ತೋರಿಸಿದನು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ವಿದ್ಯೆಯು ಬಹುಮಟ್ಟಿಗೆ ವಿನೋದದ ಸಾಮಗ್ರಿಯಾಗಿಯೇ ಉಳಿಯಿತು.

ವಿನೋದವನ್ನು ಶಾಸ್ತ್ರದ ಹಾದಿಗೆ ತಿರುಗಿಸಿದವರಲ್ಲಿ ಸ್ಟೀಫನ್ ಗ್ರೇ ಎಂಬಾತನನ್ನು ಮರೆಯಲಾಗದು. ಕ್ಯಾಂಟರ್‌ಬರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮನೆತನದಲ್ಲಿ ಹುಟ್ಟಿ, ಮುಪ್ಪಿನಲ್ಲಿ ಲಂಡನ್ನಿನ ಒಂದು ಧರ್ಮಶಾಲೆಯ ಆಶ್ರಯದಲ್ಲಿದ್ದ ಬಡವನಾತ. ೧೭೨೯ರಲ್ಲಿ ಆತನು ತನ್ನ ಸ್ನೇಹಿತನ ಮನೆಯ ಉದ್ದನೆಯ ಪಡಸಾಲೆಯಲ್ಲಿ ಸೆಣಬಿನ ದಾರವೊಂದನ್ನು ರೇಷ್ಮೆಯ ಎಳೆಗಳಿಂದ ತೂಗುಹಾಕಿ, ಒಂದು ತುದಿಯ ಗಾಜಿನ ಕೊಳವೆಯ ವಿದ್ಯುತ್ತನ್ನು ಎಂಬತ್ತು ಅಡಿಗಳಾಚೆಯ ಮತ್ತೊಂದು ತುದಿಗೆ ಮುಟ್ಟಿಸಿದನು. ರೇಷ್ಮೆಯ ಎಳೆ ಭಾರ ತಡೆಯದೆ ಹರಿದಾಗ ಅದರ ಬದಲು ಅಷ್ಟೇ ತೆಳುವಾದ ಹಿತ್ತಾಳೆಯ ತಂತಿಯನ್ನು ಕಟ್ಟಿದರು. ವಿದ್ಯುತ್ತು ಕೊನೆಯನ್ನು ಮುಟ್ಟಲೇ ಇಲ್ಲ. ರೇಷ್ಮೆಯು ವಿದ್ಯುತ್ತನ್ನು ತಡೆದದ್ದು ತೆಳುವಾಗಿದ್ದುದರಿಂದಲ್ಲ, ರೇಷ್ಮೆಯಾಗಿದ್ದುದರಿಂದ ಎಂಬುದು ಆ ದಿನ ಹೊಳೆಯಿತು. ವಾಹಕ ಮತ್ತು ಅವಾಹಕ ಎಂಬ ಭೇದವು ಜನಿಸಿದುದು ಹೀಗೆ ಒಂದು ಎಳೆ ಹರಿದದ್ದರಿಂದ. ೧೭೩೩ರಲ್ಲಿ ಪ್ಯಾರಿಸಿನ ದ್ಯುಫೇ ಎಂಬುವನು ಗಾಜಿನ ವಿದ್ಯುತ್ತು ಬೇರೆ, ರಾಳದ ವಿದ್ಯುತ್ತು ಬೇರೆ, ಸಜಾತಿಗಳು ಒಂದನ್ನೊಂದು ದೂಡುತ್ತವೆ, ವಿಜಾತಿಗಳು ಸೆಳೆಯುತ್ತವೆ ಎಂದು ನಿರೂಪಿಸಿದನು.

ಫಿಲಡೆಲ್ಫಿಯಾದ ಮುದ್ರಣಕಾರ ಬೆಂಜಮಿನ್ ಫ್ರಾಂಕ್ಲಿನ್ನನು ಇದನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದನೆನ್ನಬೇಕು. ವಿದ್ಯುತ್ತು ಒಂದೇ, ಅದು ಎಲ್ಲ ವಸ್ತುಗಳಲ್ಲಿಯೂ ಸಹಜವಾದ ಒಂದು ಪ್ರಮಾಣದಲ್ಲಿದೆ, ಉಜ್ಜಿದಾಗ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲ. ಹೆಚ್ಚು ಪಡೆದದ್ದು ಧನ, ಕಳೆದುಕೊಂಡದ್ದು ಋಣ. ೧೭೪೭ರಲ್ಲಿ ಆತನು ಲಂಡನ್ನಿನ ಗೆಳೆಯ ಕಾಲಿನ್ಸನ್ನನಿಗೆ ಬರೆದ ಪತ್ರದಲ್ಲಿ ಈ ವಿಚಾರವಿದೆ. ಒಬ್ಬನ ಜಮೆಯೇ ಮತ್ತೊಬ್ಬನ ಖರ್ಚು, ಒಟ್ಟು ತಾಳೆಯಾಗಲೇಬೇಕು ಎಂಬ ಲೆಕ್ಕದ ಪುಸ್ತಕದ ಧರ್ಮವನ್ನೇ ಪ್ರಕೃತಿಯಲ್ಲಿಯೂ ಆತ ಕಂಡನು. ಆವೇಶದ ಅನಶ್ವರತೆಯೆಂದು ಇಂದು ಹೇಳುವ ತತ್ತ್ವವಿದು. ಉಜ್ಜಿದ ಗಾಜಿನಲ್ಲಿ ಹೆಚ್ಚಳವಿದೆಯೆಂದು ಆತ ಮಾಡಿದ ಊಹೆ ಮಾತ್ರ ತಲೆಕೆಳಗಾಯಿತು. ೧೮೯೭ರಲ್ಲಿ ಜೆ. ಜೆ. ಥಾಮ್ಸನ್ನನು ಎಲೆಕ್ಟ್ರಾನನ್ನು ಗುರುತಿಸಿದಾಗ, ಸಾಮಾನ್ಯವಾಗಿ ಚಲಿಸುವ ಕಣವು ಋಣವೆಂದು ತಿಳಿಯಿತು. ಹಳೆಯ ಖಾತೆಯ ಹೆಸರನ್ನು ಬದಲಿಸಲು ಯಾರೂ ಮುಂದಾಗಲಿಲ್ಲ. ಆದುದರಿಂದ ಪಠ್ಯಪುಸ್ತಕಗಳಲ್ಲಿ ವಿದ್ಯುತ್ಪ್ರವಾಹದ ಬಾಣವು ಎಲೆಕ್ಟ್ರಾನುಗಳ ದಾರಿಗೆ ಇದಿರಾಗಿಯೇ ಇದೆ.

ಇಲ್ಲಿ ಕನ್ನಡದ ಪರಿಭಾಷೆಯನ್ನು ಕುರಿತು ಒಂದು ಮಾತು ಅಪ್ರಸ್ತುತವಾಗಲಾರದು. ಇಂಗ್ಲಿಷಿನವರು ಈ ಸ್ಥಿತಿಗೆ ‘ಚಾರ್ಜ್’ ಎಂದದ್ದು ಹೊರೆ ಹೇರುವ, ತುಂಬುವ ಅರ್ಥದಲ್ಲಿ. ಕನ್ನಡದಲ್ಲಿ ನೆಲೆಗೊಂಡ ‘ಆವೇಶ’ವಾದರೋ ಮೈಮೇಲೆ ಬರುವುದನ್ನು, ಒಳಹೊಕ್ಕು ನೆಲಸುವುದನ್ನು ಸೂಚಿಸುತ್ತದೆ, ತುಳುನಾಡಿನ ಕೋಲವನ್ನು ಕಂಡವರಿಗೆ ಆ ಶಬ್ದದ ಬಿಸಿ ತಿಳಿದೇ ಇದೆ. ಹೊರೆಗೆ ತೂಕವುಂಟು, ಆವೇಶಕ್ಕೆ ಪ್ರಭಾವವುಂಟು. ಆವಿಷ್ಟನಾದವನ ಸುತ್ತ ನಿಂತವರಿಗೂ ಏನೋ ತಟ್ಟುತ್ತದೆಯೆಂಬ ಭಾವನೆ ಈ ಶಬ್ದದಲ್ಲಿ ಅಡಗಿದೆ. ಶಬ್ದವನ್ನು ಆರಿಸಿದವರು ಇಷ್ಟು ದೂರ ಯೋಚಿಸಿದ್ದರೋ ಇಲ್ಲವೋ, ಮುಂದೆ ಫ್ಯಾರಡೆಯು ಹೇಳಲಿರುವ ವಿಚಾರಕ್ಕೆ ‘ಹೊರೆ’ಗಿಂತ ‘ಆವೇಶ’ವೇ ಹತ್ತಿರವಾದುದು.

ಫ್ರಾಂಕ್ಲಿನ್ನನು ೧೭೫೫ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದ್ದನು. ಬೆಳ್ಳಿಯ ಪಾತ್ರೆಯೊಂದನ್ನು ಆವಿಷ್ಟಗೊಳಿಸಿ, ರೇಷ್ಮೆಯ ದಾರಕ್ಕೆ ಕಟ್ಟಿದ ಬೆಂಡಿನ ಗುಂಡನ್ನು ಅದರೊಳಕ್ಕೆ ಇಳಿಬಿಟ್ಟರೆ, ಹೊರಮೈಗೆ ತಟ್ಟನೆ ಎಳೆಯಲ್ಪಡುವ ಗುಂಡು ಒಳಮೈಯತ್ತ ಸರಿಯಲೇ ಇಲ್ಲ. ಕಾರಣ ತೋರದೆ, ಆತನು ಈ ಸಂಗತಿಯನ್ನು ತನ್ನ ಮಿತ್ರ ಜೋಸೆಫ್ ಪ್ರೀಸ್ಟ್ಲಿಗೆ ತಿಳಿಸಿ ಪರೀಕ್ಷಿಸಬೇಕೆಂದು ಕೋರಿದನು. ಪ್ರೀಸ್ಟ್ಲಿಯು ೧೭೬೬ರ ಡಿಸೆಂಬರಿನಲ್ಲಿ ಪ್ರಯೋಗವನ್ನು ನಡೆಸಿ ನೋಡಿದನು, ಫಲ ಅದೇ. ಆಗ ಆತನಿಗೆ ನ್ಯೂಟನ್ನನ ಒಂದು ಪ್ರಮೇಯ ನೆನಪಾಯಿತು. ಭೂಮಿಯು ಟೊಳ್ಳಾದ ಚಿಪ್ಪಿನಂತಿದ್ದರೆ ಅದರೊಳಗಿನ ವಸ್ತುವು ಯಾವ ಕಡೆಗೂ ಸೆಳೆಯಲ್ಪಡದು ಎಂಬುದು ಆ ಪ್ರಮೇಯ.

ಇದರ ತರ್ಕವನ್ನು ಗಣಿತವಿಲ್ಲದೆಯೂ ಗ್ರಹಿಸಬಹುದು. ಗೋಳಾಕಾರದ ಚಿಪ್ಪಿನೊಳಗೆ ಒಂದು ಬಿಂದುವನ್ನು ಒಂದು ಪಕ್ಕಕ್ಕೆ ಸರಿಸಿ ಇಟ್ಟಿದೆಯೆನ್ನೋಣ. ಅದರಿಂದ ಎರಡು ಕಡೆಗೂ ಒಂದೇ ಅಗಲದ ಕಿರಿದಾದ ಶಂಕುಗಳನ್ನು ಎಳೆದರೆ, ಹತ್ತಿರದ ಗೋಡೆಯಲ್ಲಿ ಅದು ಸಣ್ಣ ತುಂಡನ್ನೂ ದೂರದ ಗೋಡೆಯಲ್ಲಿ ದೊಡ್ಡ ತುಂಡನ್ನೂ ಕತ್ತರಿಸುತ್ತದೆ. ತುಂಡಿನ ವಿಸ್ತಾರವು ಅಂತರದ ವರ್ಗದಂತೆ ಬೆಳೆಯುತ್ತದೆ. ಬಲವು ಸರಿಯಾಗಿ ಅದೇ ವರ್ಗದಂತೆ ಕುಗ್ಗುವುದಾದರೆ ಮಾತ್ರ ಹತ್ತಿರದ ಸಣ್ಣ ತುಂಡೂ ದೂರದ ದೊಡ್ಡ ತುಂಡೂ ಸಮಸಮವಾಗಿ ಎಳೆದು, ನಡುವಣ ವಸ್ತುವು ನಿರ್ಬಾಧಿತವಾಗಿ ನಿಲ್ಲುತ್ತದೆ. ಆದುದರಿಂದ ವಿದ್ಯುತ್ತಿನ ಸೆಳೆತವೂ ಗುರುತ್ವದ ನಿಯಮವನ್ನೇ ಅನುಸರಿಸುತ್ತದೆಯೆಂದು ತರ್ಕಿಸಬಾರದೇಕೆ ಎಂದು ಪ್ರೀಸ್ಟ್ಲಿಯು ೧೭೬೭ರಲ್ಲಿ ಪ್ರಕಟವಾದ ತನ್ನ ವಿದ್ಯುತ್ತಿನ ಇತಿಹಾಸದಲ್ಲಿ ಪ್ರಶ್ನಾರೂಪವಾಗಿ ಬರೆದನು. ಪ್ರಶ್ನೆಯ ರೂಪದಲ್ಲಿ ಬಂದ ಸತ್ಯವನ್ನು ಬಹುಮಂದಿ ದಾಟಿಕೊಂಡು ಹೋದರು.

ದಾಟಿ ಹೋಗದಿದ್ದವನು ಹೆನ್ರಿ ಕ್ಯಾವೆಂಡಿಶ್. ಡೆವನ್‌ಷೈರಿನ ಡ್ಯೂಕರ ವಂಶದಲ್ಲಿ ೧೭೩೧ರಲ್ಲಿ ಜನಿಸಿದ ಈತನ ಸಂಕೋಚಸ್ವಭಾವವು ಪ್ರಸಿದ್ಧವಾದುದು. ಮನೆಯ ಅಡಿಗೆಗೆ ಬೇಕಾದುದನ್ನು ಚೀಟಿಯಲ್ಲಿ ಬರೆದಿಟ್ಟು ದಾಸಿಯರ ಎದುರಿಗೆ ಬೀಳದೆ ತಪ್ಪಿಸಿಕೊಳ್ಳುತ್ತಿದ್ದನಂತೆ. ಖಾತೆಯಲ್ಲಿ ಎಂಬತ್ತು ಸಾವಿರ ಪೌಂಡು ಸುಮ್ಮನೆ ಬಿದ್ದಿದೆ, ಏನು ಮಾಡೋಣವೆಂದು ಕೇಳಲು ಬಂದ ಬ್ಯಾಂಕಿನವನನ್ನು ಆತನು ಗದರಿಸಿ, ಅರ್ಧವನ್ನು ಎಲ್ಲಿಯಾದರೂ ತೊಡಗಿಸಿರಿ, ಮತ್ತೆ ಬಂದು ಪೀಡಿಸಬೇಡಿರಿ ಎಂದು ಅಟ್ಟಿದನೆಂಬ ಕಥೆಯನ್ನು ೧೮೫೧ರಲ್ಲಿ ಅವನ ಚರಿತ್ರೆಯನ್ನು ಬರೆದ ಜಾರ್ಜ್ ವಿಲ್ಸನ್ನನು ದಾಖಲಿಸಿದ್ದಾನೆ. ಇಂತಹ ಗಿರಾಕಿಯ ಎದುರಿನಲ್ಲಿ ನಿಂತ ಆ ಬಡಪಾಯಿಯ ಅವಸ್ಥೆಯನ್ನು ಊಹಿಸಬಹುದು. ಹಣವನ್ನು ಹೇಗೋ ಹಾಗೆಯೇ ಜ್ಞಾನವನ್ನೂ ಆತನು ಕೂಡಿಸಿದನು, ಚಲಾವಣೆಗೆ ಬಿಡಲಿಲ್ಲ.

೧೭೭೨ ಮತ್ತು ೧೭೭೩ರಲ್ಲಿ ಆತನು ನಡೆಸಿದ ಪ್ರಯೋಗದ ಸಾಮಗ್ರಿ ಅತಿ ಸಾಮಾನ್ಯವಾದುದು. ಹನ್ನೆರಡು ಅಂಗುಲ ಮಿಕ್ಕ ವ್ಯಾಸದ ಒಂದು ಗೋಳ, ಅದಕ್ಕೆ ತವರದ ತಗಡಿನ ಹೊದಿಕೆ, ಅರಗು ಬಳಿದ ಗಾಜಿನ ಕಡ್ಡಿಯ ಆಧಾರ. ಅದರ ಸುತ್ತ, ತಾಕದಂತೆ ಮುಚ್ಚಿಕೊಳ್ಳುವ ರಟ್ಟಿನ ಎರಡು ಅರೆಗೋಳಗಳು. ಅವುಗಳಿಗೂ ತಗಡಿನ ಹೊದಿಕೆ. ಅರೆಗೋಳಗಳು ಕೀಲುಳ್ಳ ಮರದ ಚೌಕಟ್ಟಿನಲ್ಲಿ ಪುಸ್ತಕದ ರಟ್ಟಿನಂತೆ ತೆರೆದುಕೊಳ್ಳುತ್ತಿದ್ದವು. ಒಳಗಿನ ಗೋಳವನ್ನು ಹೊರಗಿನದಕ್ಕೆ ಒಂದು ತಂತಿಯಿಂದ ಜೋಡಿಸಿ, ಹೊರಗಿನದನ್ನು ಆವಿಷ್ಟಗೊಳಿಸಿ, ರೇಷ್ಮೆಯ ದಾರದಿಂದ ತಂತಿಯನ್ನು ಎಳೆದು ತೆಗೆದು, ಅರೆಗೋಳಗಳನ್ನು ಅಗಲಿಸಿ, ಒಳಗಿನ ಗೋಳಕ್ಕೆ ಬೆಂಡಿನ ಜೋಡಿಗುಂಡುಗಳನ್ನು ತಾಕಿಸಿ ನೋಡಿದನು. ಗುಂಡುಗಳು ಅಗಲಲಿಲ್ಲ. ಒಳಗೋಳಕ್ಕೆ ದಾರಿಯಿದ್ದರೂ ವಿದ್ಯುತ್ತು ಒಳಹೋಗಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಪ್ರೀಸ್ಟ್ಲಿಯ ಪ್ರಯೋಗದ ಸುಧಾರಿತ ಆವೃತ್ತಿ ಮಾತ್ರವಾಗುತ್ತಿತ್ತು. ಕ್ಯಾವೆಂಡಿಶನ ಪ್ರತಿಭೆ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ‘ಏನೂ ಇಲ್ಲ’ ಎಂದರೆ ಎಷ್ಟು ಇಲ್ಲ ಎಂದು ಆತ ತನ್ನನ್ನೇ ಕೇಳಿಕೊಂಡನು. ಒಳಗೋಳಕ್ಕೆ ತಿಳಿದ ಅಲ್ಪಾವೇಶವನ್ನು ಕೊಟ್ಟು ನೋಡಿ, ಹೊರಗಿನದರ ಅರವತ್ತರಲ್ಲೊಂದು ಪಾಲು ಇದ್ದಿದ್ದರೂ ತನ್ನ ಬೆಂಡುಗಳು ಅದನ್ನು ತೋರಿಸುತ್ತಿದ್ದವೆಂದು ಖಚಿತಪಡಿಸಿಕೊಂಡನು. ಅದರಿಂದ ಲೆಕ್ಕ ಹಾಕಿ, ಅಂತರದ ಘಾತವು ಎರಡಕ್ಕಿಂತ ಐವತ್ತರಲ್ಲೊಂದು ಪಾಲಿಗಿಂತ ಹೆಚ್ಚಾಗಿಯೂ ಕಡಮೆಯಾಗಿಯೂ ಇರಲಾರದೆಂದು ತೀರ್ಮಾನಿಸಿದನು. ಬಲವನ್ನು ಅಳೆಯದೆಯೇ ಬಲದ ನಿಯಮವನ್ನು ಸಾಧಿಸಿದ ಮಾರ್ಗವಿದು. ಬಳಿಕ ಒಂದೇ ವ್ಯಾಸದ ಗೋಳವೂ ತಟ್ಟೆಯೂ ಎಷ್ಟೆಷ್ಟು ಆವೇಶವನ್ನು ಹಿಡಿಯುತ್ತವೆಂದು ಹೋಲಿಸಿ, ಗೋಳವು ತಟ್ಟೆಯ ೧.೫೭ರಷ್ಟು ಎಂದು ಕಂಡನು. ಗಣಿತಜ್ಞರು ಮುಂದೆ ಸಿದ್ಧಾಂತದಿಂದ ಪಡೆದ ಸಂಖ್ಯೆಯೂ ಅದೇ. ಗಾಜು, ಮೇಣ, ಅರಗುಗಳ ತಟ್ಟೆಗಳನ್ನು ನಡುವೆ ಇರಿಸಿದರೆ ಆವೇಶಧಾರಣೆಯು ಬೇರೆಬೇರೆಯಾಗುವುದನ್ನೂ ಅಳೆದಿಟ್ಟನು. ಆ ಕಾಲದಲ್ಲಿ ವಿದ್ಯುತ್ಪ್ರವಾಹವನ್ನಳೆಯುವ ಉಪಕರಣವಿರಲಿಲ್ಲವಾಗಿ ತನ್ನ ಕೈಗೆ ತಗುಲಿದ ಆಘಾತದ ತೀವ್ರತೆಯಿಂದಲೇ ಉಪ್ಪುನೀರಿನ ಮತ್ತು ಲೋಹದ ವಾಹಕತ್ವಗಳನ್ನು ಹೋಲಿಸಿದನು. ಇವಾವುವನ್ನೂ ಆತನು ಪ್ರಕಟಿಸಲಿಲ್ಲ. ೧೮೧೦ರಲ್ಲಿ ಸುಮಾರು ಹತ್ತು ಲಕ್ಷ ಪೌಂಡುಗಳ ಆಸ್ತಿಯನ್ನೂ ಕಟ್ಟುಕಟ್ಟು ಕಾಗದಗಳನ್ನೂ ಬಿಟ್ಟು ತೀರಿಕೊಂಡನು.

ಚಾರ್ಲ್ಸ್ ಆಗಸ್ಟಿನ್ ಕೂಲಂಬನದು ಬೇರೆಯೇ ಜೀವನ. ೧೭೩೬ರಲ್ಲಿ ಫ್ರಾನ್ಸಿನ ಅಂಗುಲೇಮಿನಲ್ಲಿ ಹುಟ್ಟಿ, ಸೈನ್ಯದ ಎಂಜಿನಿಯರನಾಗಿ ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪದಲ್ಲಿ ಎಂಟು ವರ್ಷ ಕೋಟೆ ಕಟ್ಟಿಸಿ, ಆರೋಗ್ಯವನ್ನು ಕಳೆದುಕೊಂಡು ೧೭೭೨ರಲ್ಲಿ ಸ್ವದೇಶಕ್ಕೆ ಮರಳಿದವನು. ಕ್ಯಾವೆಂಡಿಶನು ತನ್ನ ಮನೆಯಲ್ಲಿ ರಟ್ಟಿನ ಅರೆಗೋಳಗಳನ್ನು ಸಿದ್ಧಪಡಿಸುತ್ತಿದ್ದ ವರ್ಷವದು. ದಿಕ್ಸೂಚಿಯ ಮುಳ್ಳನ್ನು ಎಳೆಯಿಂದ ತೂಗುಹಾಕುವ ಸಮಸ್ಯೆಯಿಂದ ಆರಂಭಿಸಿ, ತಂತಿಯನ್ನು ತಿರುಚಿದಷ್ಟೂ ಅದು ತಿರುಗಿ ಬಿಚ್ಚಿಕೊಳ್ಳಲು ತೋರುವ ಬಲವು ತಿರುಚಿದ ಕೋನಕ್ಕೆ ಅನುಪಾತವಾಗಿರುವುದೆಂದು ೧೭೮೪ರಲ್ಲಿ ಆತ ಸ್ಥಾಪಿಸಿದನು. ಈ ಅರಿವಿನಿಂದಲೇ ತಿರುಚು ತಕ್ಕಡಿಯ ನಿರ್ಮಾಣವಾಯಿತು. ಗಾಜಿನ ಉರುಳೆಯೊಳಗೆ ಕೂದಲಿನಂತಹ ಬೆಳ್ಳಿಯ ತಂತಿ, ಅದರ ತುದಿಯಲ್ಲಿ ಅಡ್ಡಲಾದ ಸೂಜಿ, ಸೂಜಿಯ ತುದಿಯಲ್ಲಿ ಬೆಂಡಿನ ಒಂದು ಗುಂಡು. ಅದಕ್ಕೆ ಇದಿರಾಗಿ ಕದಲದ ಇನ್ನೊಂದು ಗುಂಡು.

ಎರಡಕ್ಕೂ ಸಮಾನವಾದ ಆವೇಶವನ್ನು ಕೊಟ್ಟಾಗ ಅವು ದೂಡಿಕೊಂಡು ೩೬ ಅಂಶ ಅಗಲಿದವು. ತಂತಿಯ ತಿರುಚೂ ೩೬. ಮೇಲಿನಿಂದ ತಂತಿಯನ್ನು ೧೨೬ ಅಂಶ ತಿರುಗಿಸಿದಾಗ ಗುಂಡುಗಳು ೧೮ ಅಂಶಕ್ಕೆ ಸಮೀಪಿಸಿದವು. ಒಟ್ಟು ತಿರುಚು ೧೪೪, ಎಂದರೆ ಸರಿಯಾಗಿ ನಾಲ್ಕು ಮಡಿ. ೫೬೭ ಅಂಶ ತಿರುಗಿಸಿದಾಗ ಎಂಟೂವರೆ ಅಂಶ, ಒಟ್ಟು ೫೭೫½. ಅಂತರವು ಒಂಬತ್ತಾಗಿದ್ದರೆ ಹದಿನಾರು ಮಡಿಯಾದ ೫೭೬ ಬರಬೇಕಿತ್ತು. ಆ ಅರೆ ಅಂಶದ ಕೊರತೆಗೆ, ಪ್ರಯೋಗ ನಡೆಯುತ್ತಿದ್ದ ಕೆಲವು ನಿಮಿಷಗಳಲ್ಲಿ ಆವೇಶವು ಗಾಳಿಗೆ ಸೋರಿಹೋದುದನ್ನು ಆತ ಕಾರಣವಾಗಿ ತೋರಿಸಿದನು. ಪ್ರಬಂಧದಲ್ಲಿ ಕೊಟ್ಟಿರುವ ಅಳತೆಗಳು ಈ ಮೂರೇ.

ಮೂರು ಸಂಖ್ಯೆಗಳ ಮೇಲೆ ಒಂದು ವಿಶ್ವನಿಯಮವನ್ನು ನಿಲ್ಲಿಸಬಹುದೇ ಎಂಬ ಸಂದೇಹವು ವಿದ್ವಾಂಸರನ್ನು ಬಹುಕಾಲ ಕಾಡಿದೆ. ಜರ್ಮನಿಯ ಓಲ್ಡೆನ್‌ಬುರ್ಗಿನಲ್ಲಿ ಪೀಟರ್ ಹೀರಿಂಗನು ಅದೇ ಮಾದರಿಯ ತಕ್ಕಡಿಯನ್ನು ಕಟ್ಟಿ ಪ್ರಯೋಗಿಸಿ, ಕೂಲಂಬನ ಸಂಖ್ಯೆಗಳು ದೊರೆಯುವುದು ಅತ್ಯಂತ ದುಸ್ತರವೆಂದು ೧೯೯೨ರಲ್ಲಿ ಬರೆದನು. ನೋಡಲು ನಿಂತವನ ಮೈಮೇಲಿನ ಆವೇಶವೇ ಗುಂಡನ್ನು ಅಲುಗಿಸಲು ಸಾಕಾಗುತ್ತಿತ್ತು. ೨೦೦೬ರಲ್ಲಿ ಆಲ್ಬರ್ಟೋ ಮಾರ್ಟಿನೆಜನು ಇನ್ನಷ್ಟು ನಿಷ್ಠೆಯಿಂದ ಉಪಕರಣವನ್ನು ರಚಿಸಿ, ಅವೇ ಬಗೆಯ ಫಲಗಳು ಬರುತ್ತವೆಂದು ವರದಿಮಾಡಿದನು. ಆದುದರಿಂದ ಕೂಲಂಬನು ಸಂಖ್ಯೆಗಳನ್ನು ಹೊಂದಿಸಿ ಬರೆದನೆಂಬ ಗುಮಾನಿಗೆ ಆಧಾರವು ಸಾಲದು. ಆತನು ಕೋಟೆ ಕಟ್ಟಿಸಿದ ಕೈಯವನು. ಉಪಕರಣದ ಓರೆಕೋರೆಗಳನ್ನು ಬಲ್ಲವನು. ಗಾಳಿಯ ತೇವದಿಂದ ಆವೇಶವು ಎಷ್ಟು ಬೇಗ ಸೋರುತ್ತದೆಂಬುದನ್ನೇ ವಿಷಯವಾಗಿಟ್ಟುಕೊಂಡು ಮುಂದೆ ಪ್ರತ್ಯೇಕ ಪ್ರಬಂಧವನ್ನು ಮಂಡಿಸಿದನು. ದೆಹಲಿಯ ಚಳಿಗಾಲದಲ್ಲಿ ಉಣ್ಣೆಯ ಅಂಗಿಯನ್ನು ಕಳಚುವಾಗ ಚಟಪಟ ಕಿಡಿಗಳನ್ನು ಕಂಡು, ಮುಂಬಯಿಯ ಮಳೆಗಾಲದಲ್ಲಿ ಅದರ ಸುಳಿವನ್ನೂ ಕಾಣದ ಕನ್ನಡಿಗರಿಗೆ ಈ ತೇವದ ಮಹಿಮೆಯನ್ನು ವಿವರಿಸಬೇಕಾಗಿಲ್ಲ.

ಕೂಲಂಬನ ನಿಯಮವನ್ನು ಫ್ರಾನ್ಸಿನ ಗಣಿತಜ್ಞರು ಕೈಗೆತ್ತಿಕೊಂಡರು. ಪ್ವಾಸೋನನು ೧೮೧೨ರ ಹೊತ್ತಿಗೆ ಅದರ ಮೇಲೆ ಭವ್ಯವಾದ ಗಣಿತಸೌಧವನ್ನೇ ಎಬ್ಬಿಸಿದನು. ನಾಟಿಂಗ್‌ಹ್ಯಾಮಿನಲ್ಲಿ ತಂದೆಯ ಗಾಳಿಗಿರಣಿಯನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ಗ್ರೀನನು ೧೮೨೮ರಲ್ಲಿ ಚಂದಾದಾರರ ನೆರವಿನಿಂದ ಅಚ್ಚುಹಾಕಿಸಿದ ಪ್ರಬಂಧದಲ್ಲಿ ‘ವಿಭವ’ ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟನು. ಅದೂ ಬಹುವರ್ಷ ಮೂಲೆಯಲ್ಲಿ ಬಿದ್ದಿತ್ತು. ಇವರೆಲ್ಲರ ಗಣಿತದಲ್ಲಿಯೂ ಆವೇಶಗಳುಂಟು, ಅಂತರವುಂಟು. ಅಂತರದ ಒಳಗೆ ಏನಿದೆಯೆಂಬ ಪ್ರಶ್ನೆಯಿಲ್ಲ. ಎಡೆಯು ಬರಿದು, ಬಲವು ಅದನ್ನು ಹಾರಿ ಹೋಗಿ ಮುಟ್ಟುತ್ತದೆ.

ಇದನ್ನು ಒಪ್ಪದವನು ಗಣಿತವೇ ತಿಳಿಯದ ಮೈಕೇಲ್ ಫ್ಯಾರಡೆ. ಕಮ್ಮಾರನ ಮಗನಾಗಿ ೧೭೯೧ರಲ್ಲಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನವನ್ನೋದಿ ವಿಜ್ಞಾನಕ್ಕೆ ಒಲಿದವನು. ೧೮೩೬ರಲ್ಲಿ ಆತನು ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಹನ್ನೆರಡಡಿಯ ಚೌಕದ ಒಂದು ದೊಡ್ಡ ಪಂಜರವನ್ನು ಕಟ್ಟಿಸಿ, ಅದನ್ನು ತಂತಿ ತಗಡುಗಳಿಂದ ಹೊದಿಸಿ, ತಾನೇ ಒಳಹೊಕ್ಕು ಕುಳಿತನು. ಹೊರಮೈಯಿಂದ ಕಿಡಿಗಳು ಹಾರುತ್ತಿದ್ದರೂ ಒಳಗಿನ ಸೂಕ್ಷ್ಮೋಪಕರಣಗಳಲ್ಲಿ ಚಲನೆಯೇ ಇರಲಿಲ್ಲ. ಫ್ರಾಂಕ್ಲಿನ್ನನ ಬೆಳ್ಳಿಯ ಪಾತ್ರೆಯೇ ಕೋಣೆಯಷ್ಟು ಬೆಳೆದು, ಬೆಂಡಿನ ಸ್ಥಾನದಲ್ಲಿ ಮನುಷ್ಯನು ಕುಳಿತಂತಾಯಿತು.

ಮರುವರ್ಷದ ಪ್ರಯೋಗ ಇನ್ನೂ ಗಹನವಾದುದು. ಒಂದರೊಳಗೊಂದು ಹಿತ್ತಾಳೆಯ ಗೋಳಗಳ ಎರಡು ಜೋಡಿಗಳಲ್ಲಿ ಒಂದರ ನಡುವೆ ಗಾಳಿಯನ್ನೂ ಇನ್ನೊಂದರ ನಡುವೆ ಅರಗನ್ನೂ ಇಟ್ಟಾಗ, ಅರಗಿನ ಜೋಡಿಯು ಹೆಚ್ಚು ಆವೇಶವನ್ನು ಹಿಡಿಯಿತು. ಬಲವು ನಡುವಣ ಎಡೆಯನ್ನು ಹಾರಿ ಹೋಗುವುದಾದರೆ, ಆ ಎಡೆಯಲ್ಲಿ ಏನಿದ್ದರೇನು? ಅಲ್ಲಿಯ ವಸ್ತುವು ಫಲವನ್ನು ಬದಲಿಸುತ್ತದೆಯೆಂದಮೇಲೆ ಆ ವಸ್ತುವು ಕಾರ್ಯದಲ್ಲಿ ಪಾಲುಗೊಳ್ಳುತ್ತಿರಲೇಬೇಕು. ಫ್ಯಾರಡೆಯ ಕಣ್ಣಿಗೆ ಆವೇಶದಿಂದ ಆವೇಶಕ್ಕೆ ಬಾಗಿ ಹಬ್ಬುವ ಬಲರೇಖೆಗಳಿಂದ ಎಡೆಯೆಲ್ಲ ತುಂಬಿತ್ತು. ಆವೇಶವೆಂಬುದು ಆ ರೇಖೆಗಳ ಕೊನೆ ಮಾತ್ರ. ೧೮೪೩ರಲ್ಲಿ ಮಂಜುಗಡ್ಡೆಯ ಬಕೆಟ್ಟಿನೊಳಕ್ಕೆ ಆವಿಷ್ಟ ಗುಂಡನ್ನು ತಾಕದಂತೆ ಇಳಿಸಿ, ಒಳಗೆ ಎಷ್ಟು ಆವೇಶವಿದೆಯೋ ಹೊರಮೈಯಲ್ಲಿ ಅಷ್ಟೇ ಕಾಣುತ್ತದೆಂದು ತೋರಿಸಿದುದೂ ಈ ದೃಷ್ಟಿಗೆ ಪೋಷಕವಾಯಿತು.

ಅರಗಿನ ಈ ಗುಣವನ್ನು ಸುಮಾರು ಅರವತ್ತು ವರ್ಷ ಮೊದಲೇ ಅಳೆದಿಟ್ಟವನೊಬ್ಬನಿದ್ದನೆಂಬುದು ಫ್ಯಾರಡೆಗೆ ತಿಳಿದಿರಲಿಲ್ಲ. ಕ್ಯಾವೆಂಡಿಶನ ಮೌನಕ್ಕೆ ತೆತ್ತ ಬೆಲೆಯಿದು. ಕಾಗದಗಳು ಹೊರಬಂದಿದ್ದರೆ ಕೂಲಂಬನ ಕೀರ್ತಿ ಕುಗ್ಗುತ್ತಿದ್ದಿತೆಂಬುದು ದೊಡ್ಡ ಮಾತಲ್ಲ. ಎಡೆಯು ಬರಿದೆಂಬ ನಂಬಿಕೆ ಗಣಿತದಲ್ಲಿ ಗಟ್ಟಿಗೊಳ್ಳುವ ಮೊದಲೇ ಅದನ್ನು ಪ್ರಶ್ನಿಸುವ ಸಾಕ್ಷ್ಯವು ಎಲ್ಲರ ಕಣ್ಣೆದುರಿಗೆ ಇರುತ್ತಿತ್ತು.

ಫ್ಯಾರಡೆಯ ರೇಖೆಗಳನ್ನು ಗಣಿತಜ್ಞರು ಬಹುಕಾಲ ಉಪೇಕ್ಷಿಸಿದರು. ವಿಲಿಯಂ ಥಾಮ್ಸನ್ನನು ೧೮೪೫ರಲ್ಲಿ ಕೂಲಂಬನ ನಿಯಮಕ್ಕೂ ಫ್ಯಾರಡೆಯ ಫಲಗಳಿಗೂ ವಿರೋಧವಿಲ್ಲವೆಂದು ತೋರಿಸಿದನು. ಅನಂತರ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಇಪ್ಪತ್ತನಾಲ್ಕರ ಪ್ರಾಯದಲ್ಲಿ ಬಲರೇಖೆಗಳನ್ನು ಕುರಿತು ಪ್ರಬಂಧವನ್ನು ಬರೆದು ಫ್ಯಾರಡೆಗೆ ಕಳುಹಿಸಿದಾಗ, ತನ್ನ ವಿಷಯದ ಮೇಲೆ ಇಷ್ಟೊಂದು ಗಣಿತದ ಬಲ ಬಿದ್ದುದನ್ನು ಕಂಡು ಮೊದಲು ಹೆದರಿಕೆಯೇ ಆಯಿತೆಂದು ಆ ವೃದ್ಧನು ೧೮೫೭ರಲ್ಲಿ ಉತ್ತರ ಬರೆದನು. ಅದೇ ವರ್ಷದ ಇನ್ನೊಂದು ಪತ್ರದಲ್ಲಿ, ಗಣಿತಜ್ಞರು ತಮ್ಮ ತೀರ್ಮಾನಗಳನ್ನು ಸಾಮಾನ್ಯ ಭಾಷೆಯಲ್ಲಿಯೂ ಹೇಳಲಾಗದೇ ಎಂದು ವಿನಯದಿಂದ ಕೇಳಿದನು. ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಲು ಹೊರಟವರೆಲ್ಲರ ಪ್ರಶ್ನೆಯೂ ಇದೇ. ಮ್ಯಾಕ್ಸ್‌ವೆಲ್ಲನ ಕೈಯಲ್ಲಿ ರೇಖೆಗಳ ಎಡೆಯು ‘ಕ್ಷೇತ್ರ’ವಾಯಿತು. ಒಂದು ಬಿಂದುವಿನಲ್ಲಿ ಏಕಮಾನ ಧನಾವೇಶವನ್ನಿಟ್ಟರೆ ಅದರ ಮೇಲೆ ಯಾವ ದಿಕ್ಕಿನಲ್ಲಿ ಎಷ್ಟು ಬಲ ಬೀಳುವುದೋ ಅದೇ ಆ ಬಿಂದುವಿನ ವಿದ್ಯುತ್‌ಕ್ಷೇತ್ರ. ಅಲ್ಲಿ ಆವೇಶವನ್ನು ಇಡಲಿ ಬಿಡಲಿ, ಕ್ಷೇತ್ರವಿದೆ.

ಅದೇ ಮ್ಯಾಕ್ಸ್‌ವೆಲ್ಲನ ಕೈಗೆ ೧೮೭೪ರಲ್ಲಿ ಕ್ಯಾವೆಂಡಿಶನ ಕಾಗದಗಳು ಬಂದವು. ಥಾಮ್ಸನ್ನನು ೧೮೪೯ರಲ್ಲಿಯೇ ಅವುಗಳನ್ನು ಕಂಡು ಬೆರಗಾಗಿದ್ದನು. ಕೇಂಬ್ರಿಜ್ಜಿನ ಹೊಸ ಪ್ರಯೋಗಶಾಲೆಗೆ ಹಣವಿತ್ತ ಡೆವನ್‌ಷೈರಿನ ಡ್ಯೂಕನು ಅವುಗಳನ್ನು ಅಲ್ಲಿಯ ಪ್ರಾಧ್ಯಾಪಕನಾದ ಮ್ಯಾಕ್ಸ್‌ವೆಲ್ಲನಿಗೆ ಒಪ್ಪಿಸಿದನು. ಸ್ವಂತ ಸಂಶೋಧನೆಯನ್ನು ಬದಿಗಿಟ್ಟು ಐದು ವರ್ಷ ಆ ಹಳೆಯ ಬರಹಗಳನ್ನು ಪರಿಷ್ಕರಿಸುತ್ತ ಕುಳಿತುದನ್ನು ಹಲವರು ಕಾಲಹರಣವೆಂದು ಆಕ್ಷೇಪಿಸಿದ್ದಾರೆ. ಆದರೆ ಆತನು ಬರಿಯ ಸಂಪಾದಕನಾಗಿರಲಿಲ್ಲ. ಮ್ಯಾಕ್‌ಆಲಿಸ್ಟರನೊಡನೆ ಗೋಳದ ಪ್ರಯೋಗವನ್ನು ಹೊಸ ಉಪಕರಣದಿಂದ ಪುನಃ ನಡೆಸಿ, ಘಾತದ ತಪ್ಪು ೨೧,೬೦೦ರಲ್ಲೊಂದು ಪಾಲನ್ನು ಮೀರದೆಂದು ಕಂಡನು. ಗ್ರಂಥವು ೧೮೭೯ರಲ್ಲಿ ಹೊರಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ಲನು ನಲವತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡನು.

ಎರಡು ವರ್ಷಗಳ ಬಳಿಕ, ೧೮೮೧ರಲ್ಲಿ, ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಆವೇಶದ ಮಾನಕ್ಕೆ ಕೂಲಂಬನ ಹೆಸರನ್ನೂ, ಆವೇಶಧಾರಣೆಯ ಮಾನಕ್ಕೆ ಫ್ಯಾರಡೆಯ ಹೆಸರನ್ನೂ ಇಟ್ಟಿತು. ಕ್ಯಾವೆಂಡಿಶನ ಹೆಸರಿನಲ್ಲಿ ಯಾವ ಮಾನವೂ ಇಲ್ಲ. ನಿಯಮವನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಬೇಕೆಂದವರು ಮಾತ್ರ ಕೂಲಂಬನ ತಕ್ಕಡಿಯತ್ತ ಹೋಗದೆ ಕ್ಯಾವೆಂಡಿಶನ ಮಾರ್ಗವನ್ನೇ ಹಿಡಿದರು. ೧೯೩೬ರಲ್ಲಿ ಪ್ಲಿಂಪ್ಟನ್ ಮತ್ತು ಲಾಟನ್ನರು ಘಾತವು ಎರಡರಿಂದ ನೂರು ಕೋಟಿಯಲ್ಲಿ ಎರಡು ಪಾಲಿನಷ್ಟೂ ಕದಲದೆಂದು ತೋರಿಸಿದರು. ೧೯೭೧ರಲ್ಲಿ ಅಮೆರಿಕದ ವಿಲಿಯಮ್ಸ್, ಫಾಲರ್, ಹಿಲ್ ಎಂಬ ಮೂವರು ಒಂದರೊಳಗೊಂದು ಲೋಹದ ಚಿಪ್ಪುಗಳನ್ನಿಟ್ಟು, ಹೊರಗಿನದಕ್ಕೆ ಪ್ರಬಲ ವಿದ್ಯುತ್ತನ್ನು ಹಾಯಿಸಿ ಒಳಗಿನದನ್ನು ಆಲಿಸಿದರು. ದಶಾಂಶದ ಹದಿನೈದನೆಯ ಸ್ಥಾನದವರೆಗೂ ಎರಡೆಂಬ ಸಂಖ್ಯೆಯಲ್ಲಿ ಅವರಿಗೆ ವ್ಯತ್ಯಾಸವು ಕಾಣಲಿಲ್ಲ.